ತಮ್ಮವರ ಸಭೆಯಲ್ಲಿ ಸುಮ್ಮನೆ ಕುಳಿತವರಿಗೆ

ಮಾನ್ಯರೇ,

ಕಾರವಾರದ ಬೈತಖೋಲ್ ಬಂದರಿನಿಂದ ತಾವು ಬರೆದ ಪತ್ರದ ಸಾರಾಂಶವನ್ನಷ್ಟೇ, ತಮ್ಮ ಕೋರಿಕೆಯಂತೆ ಹೆಸರು ಬಿಟ್ಟು, ಇಲ್ಲಿ ಕೊಡುತ್ತಿದ್ದೇನೆ. ರಾತ್ರಿ ಪ್ರಖರ ದೀಪದಿಂದ ಮೀನನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯನ್ನು ಯಾರೂ ಪ್ರಶ್ನಿಸಕೂಡದೆಂದು ತಮ್ಮ ಬೋಟು ಮಾಲೀಕರ ಸಂಘ ತೀರ್ಮಾನಿಸಿದಾಗ, ಅದು ತಪ್ಪೆಂದು ಬಲ್ಲ ತಾವು ಸುಮ್ಮನಿದ್ದಿರಿ. ಮರುದಿನ ನಾಡದೋಣಿಯ ಹಿರಿಯರೊಬ್ಬರು ಅದನ್ನೇ ಆಕ್ಷೇಪಿಸಿದಾಗ ಅವರ ಮೇಲೆ ರೇಗಿದಿರಿ. ತಮ್ಮ ಮನಸ್ಸಿನಲ್ಲಿದ್ದುದನ್ನೇ ಆಡಿದವರ ಮೇಲೆ ಸಿಟ್ಟೇಕೆ ಬಂತೆಂದು ಕೇಳಿದ್ದೀರಿ.

ತಾವು ನುಂಗಿಕೊಂಡ ಮಾತನ್ನು ಅವರು ನಾಲ್ಕು ಜನರೆದುರು ಆಡಿದರು. ಸಿಟ್ಟಿನ ಮೂಲ ಅಲ್ಲಿದೆ. ನಂಬಿಕೆಗೂ ನಡತೆಗೂ ತಾಳೆ ತಪ್ಪಿದಾಗ ಮನಸ್ಸು ಕಸಿವಿಸಿಗೊಂಡು, ಎರಡರಲ್ಲಿ ಬದಲಿಸಲು ಸುಲಭವಾದುದನ್ನೇ ಬದಲಿಸಿಕೊಳ್ಳುತ್ತದೆಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ವಿವರಿಸಿದ್ದರು. ಕೆಟ್ಟ ಗಾಳಿಯಲ್ಲಿ ತಮ್ಮ ಬೋಟನ್ನು ದಡಕ್ಕೆ ಎಳೆದು ತಂದ ಸಂಘದವರನ್ನು ಎದುರು ಹಾಕಿಕೊಳ್ಳುವುದು ಕಷ್ಟ; ನಾವು ಬಿಟ್ಟರೆ ಹೊರಗಿನವರು ಬಾಚಿಕೊಂಡು ಹೋಗುತ್ತಾರೆ ಎಂದುಕೊಳ್ಳುವುದು ಸುಲಭ. ಆದರೆ ಜನರೇಟರ್ ಹಚ್ಚಿ ನೀರಿಗೆ ಬೆಳಕು ಬಿಟ್ಟ ರಾತ್ರಿ, ಬಲೆಯಲ್ಲಿ ಬೆರಳುದ್ದದ ಬಂಗುಡೆ ಮರಿಗಳು ರಾಶಿಯಾಗಿ ಬಂದು, ತಿನ್ನುವವರಿಗೂ ಸಿಗದೆ ಮೀನಿನ ಹಿಟ್ಟು ಮಾಡುವ ಫಿಶ್‌ಮೀಲ್ ಕಾರ್ಖಾನೆಯ ಲಾರಿ ಸೇರಿದ್ದನ್ನು ಕಣ್ಣಾರೆ ಕಂಡಿದ್ದಾಗಿ ತಾವೇ ಬರೆದಿದ್ದೀರಿ. ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದ ಪದ್ಧತಿಯಿದು. ಇಷ್ಟು ತಿಳಿದ ಮೇಲೆ ಯಾವ ಸಮಜಾಯಿಷಿಯೂ ಬಹಳ ದಿನ ತಾಳುವುದಿಲ್ಲ.

ಸಭೆಯಲ್ಲಿ ಎಲ್ಲರೂ ಒಪ್ಪಿದ್ದರೆಂಬ ತಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪಕ್ಕದಲ್ಲಿದ್ದವರೂ ತಮ್ಮ ಮೌನವನ್ನು ಕಂಡು ಹಾಗೆಯೇ ತಿಳಿದಿರಬಹುದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಯ ಉದ್ದದಂಥ ಕಣ್ಣಿಗೆ ಕಾಣುವ ವಿಷಯದಲ್ಲೂ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಹೇಳಿದಾಗ, ಸುಮಾರು ಮೂರನೇ ಒಂದು ಪಾಲು ಉತ್ತರಗಳು ಗುಂಪಿನ ತಪ್ಪನ್ನೇ ಹಿಂಬಾಲಿಸಿದವು. ಸರಿಯಾದುದನ್ನು ಹೇಳುವ ಒಬ್ಬ ಜೊತೆಗಾರನಿದ್ದಾಗ ಅದು ಶೇಕಡಾ 5ರ ಆಸುಪಾಸಿಗೆ ಇಳಿಯಿತು. ತಮ್ಮ ಸಂಘದಲ್ಲಿ ಆ ಒಬ್ಬರು ತಾವಾಗಬೇಕೆಂದು ನಾನು ಮನಃಪೂರ್ವಕ ಕೇಳಿಕೊಳ್ಳುತ್ತೇನೆ.

ಸಂಘ ಬಿಡಲೇ ಎಂದಿದ್ದೀರಿ. ಈಗ ಬೇಡ. ಹೊರಗಿನವರ ಆಕ್ಷೇಪವನ್ನು ಸಂಘ ಹಗೆತನವೆಂದು ತಳ್ಳಿಹಾಕುತ್ತದೆ. ಒಳಗಿದ್ದು, ಸಂಘದ ಮಕ್ಕಳಿಗೂ ಮೀನು ಉಳಿಯಬೇಕೆಂದು ಹೇಳುವವರನ್ನು ಹಾಗೆ ತಳ್ಳುವುದು ಅಷ್ಟು ಸುಲಭವಲ್ಲ. ಮೊದಲು ಆ ಹಿರಿಯರನ್ನು ಕಂಡು, ಅವರ ಮಾತು ತಮಗೂ ಒಪ್ಪಿಗೆಯೆಂದು ತಿಳಿಸಿ. ಬಳಿಕ, ನಂಬಿಕೆಯ ಇಬ್ಬರು ಸದಸ್ಯರೊಡನೆ ಮಾತಾಡಿಕೊಂಡು, ಮುಂದಿನ ಸಭೆಯಲ್ಲಿ ವಿಷಯವನ್ನು ಮತ್ತೆ ಎತ್ತಿ, ತೀರ್ಮಾನ ಏನೇ ಆದರೂ ತಮ್ಮ ಆಕ್ಷೇಪವನ್ನು ನಡಾವಳಿಯಲ್ಲಿ ಬರೆಸಿ.

ಸಂಪಾದಕ