ಒಬ್ಬರೇ ಪಿಟೀಲು ಹಿಡಿದು ನಿಂತರೂ ನಾಲ್ಕೈದು ಪಿಟೀಲು ಕೇಳಿಸುವುದು ಹೇಗೆ?

ಮೊದಲೇ ರೆಕಾರ್ಡ್ ಮಾಡಿಕೊಂಡು ಬಂದಿದ್ದಲ್ಲ, ಎಲ್ಲ ನಿಮ್ಮ ಎದುರಿಗೇ ನಡೆಯುತ್ತದೆ. ಕಾಲಡಿಯಲ್ಲಿ ಲೂಪ್ ಪೆಡಲ್ ಇರುತ್ತದೆ. ಒಮ್ಮೆ ತುಳಿದು ನುಡಿಸಿದ ತುಣುಕು, ಮತ್ತೆ ತುಳಿದ ಕೂಡಲೇ ತಿರುಗಿ ತಿರುಗಿ ಬರುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಅಮೆರಿಕದ ಸಂಗೀತಗಾರ ಆಂಡ್ರ್ಯೂ ಬರ್ಡ್ ಅವರನ್ನು ನೋಡಿ. ಪಿಟೀಲನ್ನು ಗಿಟಾರಿನ ಹಾಗೆ ಹಿಡಿದು ಬೆರಳಲ್ಲಿ ತಂತಿ ಮೀಟಿ ತಾಳ ಕೂರಿಸುತ್ತಾರೆ, ಆಮೇಲೆ ಕಮಾನು ಎಳೆಯುತ್ತಾರೆ, ಮೇಲಿಂದ ಶಿಳ್ಳೆ. ಅವರು ಬಳಸಿದ ಲೈನ್ 6 ಕಂಪನಿಯ ಡಿಎಲ್4 ಪೆಡಲ್‌ನಲ್ಲಿ ಮಾಮೂಲಿ ವೇಗದ ಲೂಪ್ 14 ಸೆಕೆಂಡು ಮಾತ್ರ. ಆದರೆ ವೇಗ ಅರ್ಧಕ್ಕಿಳಿಸಿದರೆ ಶ್ರುತಿ ಒಂದು ಸ್ಥಾಯಿ ಕೆಳಗಿಳಿದು ಪಿಟೀಲು, ಅದಕ್ಕಿಂತ ದೊಡ್ಡದಾದ ತಗ್ಗು ದನಿಯ ವಾದ್ಯ ಚೆಲ್ಲೋದ ಹಾಗೆ ಗುಂಯ್ ಅನ್ನುತ್ತದೆ. ಜಾನಪದ ಧಾಟಿಯ ಹಾಡಿಗೆ ಕತ್ತಲಂಥ ಗಾಢ ಬಣ್ಣ ಬರುವ ಒಂದು ದಾರಿ ಇದು. ಕಷ್ಟ ಅಂದ್ರೆ, ಕಾಲು ಒಂಚೂರು ತಡವಾದರೂ ಆ ತಪ್ಪು ಪ್ರತಿ ಸುತ್ತಿನಲ್ಲೂ ಕೇಳುತ್ತದೆ.