ಮಗಳಿಗೆ ಎ, ಭಾವನ ಮಗನಿಗೆ ಬಿ-1: ಯಾವ ಗ್ರೇಡ್ ನಂಬೋದು?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ. ಮಗಳು ಸರ್ಕಾರಿ ಶಾಲೆಯಲ್ಲಿ ಏಳನೇ ಕ್ಲಾಸು. ಗಣಿತದಲ್ಲಿ ಎ ಗ್ರೇಡ್ ಬಂದಿದೆ. ಮಡಿಕೇರಿಯ ಖಾಸಗಿ ಸಿಬಿಎಸ್‌ಇ ಶಾಲೆಯಲ್ಲಿ ಓದುವ ಭಾವನ ಮಗನಿಗೆ ಬಿ-1. 'ಸರ್ಕಾರಿ ಶಾಲೆಯಲ್ಲಿ ಸುಮ್ನೆ ಗ್ರೇಡ್ ಹಾಕ್ತಾರೆ' ಅಂತಾರೆ ಭಾವ. ನಿಜವಾ? ಶಾಲೆ ಬದಲಿಸಬೇಕಾ?

ಉತ್ತರ: ಇಬ್ಬರು ಮಕ್ಕಳೂ ನೂರಕ್ಕೆ 75 ತೆಗೆದಿರಬಹುದು! ರಾಜ್ಯ ಪಠ್ಯಕ್ರಮದಲ್ಲಿ 70ರಿಂದ 89ರವರೆಗೆ ಎ, 90 ಮುಟ್ಟಿದರೆ ಎ ಪ್ಲಸ್. ಸಿಬಿಎಸ್‌ಇ ಶಾಲೆಗಳು ಸಾಮಾನ್ಯವಾಗಿ ಬಳಸುವ ಪಟ್ಟಿಯಲ್ಲಿ 71ರಿಂದ 80ಕ್ಕೆ ಬಿ-1. ಈ ವ್ಯತ್ಯಾಸ ಬಂದಿದ್ದು ಸಿಲಬಸ್‌ನಿಂದ, ಶಾಲೆ ಯಾರದ್ದು ಅನ್ನೋದರಿಂದ ಅಲ್ಲ. ಎರಡು ಗ್ರೇಡ್ ಅಕ್ಕಪಕ್ಕ ಇಟ್ಟು ಮಕ್ಕಳನ್ನು ಹೋಲಿಸಲೇಬೇಡಿ.

ಹಾಗಂತ ಭಾವನವರ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಅಂಕದಲ್ಲಿ ಧಾರಾಳತನ ಎರಡೂ ಕಡೆ ಇದೆ. ಖಾಸಗಿ ಶಾಲೆಗೆ, ಫೀಸು ಕಟ್ಟುವವರು ಮುನಿಸಿಕೊಂಡು ಟಿ.ಸಿ. ಕೇಳಿಯಾರು ಅನ್ನೋ ಚಿಂತೆ. ಸರ್ಕಾರಿ ಮೇಷ್ಟ್ರಿಗೆ, ತೋಟ ಕಾರ್ಮಿಕರ ಲೈನ್‌ಮನೆಯಿಂದ ಬರುವ ಹುಡುಗ ಬೇಜಾರಾಗಿ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಇಳಿದುಬಿಟ್ಟಾನು ಅನ್ನೋ ಭಯ. ಅದರಲ್ಲಿ ಕರುಣೆ ಇದೆ, ಒಪ್ಪುತ್ತೇನೆ. ಆದರೂ ಭಿನ್ನರಾಶಿ ಬಾರದ ಮಗುವಿಗೆ ಎ ಕೊಟ್ಟರೆ ನಷ್ಟ ಆ ಮಗುವಿಗೇ ಅಲ್ವಾ?

ಕೈ ಜಾಸ್ತಿ ಸಡಿಲವಾಗೋದು ಪ್ರಾಜೆಕ್ಟ್ ಅಂಕಗಳಲ್ಲಿ. ಕಾಫಿ ಬಗ್ಗೆ ಪ್ರಾಜೆಕ್ಟ್ ಅಂದರೆ, ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡ್ ಮಾಡಿಸಿ ತಂದವರಿಗೆ ಪೂರ್ತಿ ಅಂಕ. ಅಮ್ಮನ ಜೊತೆ ಕಣದಲ್ಲಿ ಕಾಫಿ ಹರಡಿ, ಕಾಯಿ ಒಣಗಿತೋ ಇಲ್ಲವೋ ಅಂತ ಕಿವಿ ಹತ್ತಿರ ಅಲ್ಲಾಡಿಸಿ ಹೇಳಬಲ್ಲ ಹುಡುಗಿ ಪೆನ್ಸಿಲಲ್ಲಿ ಎರಡು ಪುಟ ಬರೆದು ತಂದರೆ ಅರ್ಧ ಅಂಕ. ಇದು ನನಗೆ ತುಂಬಾ ನೋವಿನ ವಿಷಯ.

ಎಸ್ಸೆಸ್ಸೆಲ್ಸಿಯಲ್ಲೂ ಪ್ರತಿ ವಿಷಯದ 20 ಅಂಕ ಶಾಲೆಯ ಕೈಯಲ್ಲೇ ಇರುತ್ತದೆ, ಪ್ರಥಮ ಭಾಷೆಗೆ 25. ಉಳಿದದ್ದು ಹೊರಗಿನವರು ತಿದ್ದುವ ಪೇಪರು. ಅಲ್ಲಿ ಬಿಗಿ ಮಾಡಿದರೆ ಏನಾಗುತ್ತದೆ ಅಂತ 2024ರಲ್ಲಿ ನೋಡಿದೆವು. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು.

ಮುಂದಿನ ಪೋಷಕರ ಸಭೆಯಲ್ಲಿ ಮಗಳ ಉತ್ತರ ಪತ್ರಿಕೆ ಕೇಳಿ ನೋಡಿ. ಮನೆಯಲ್ಲಿ ಆರನೇ ಕ್ಲಾಸಿನ ಪುಸ್ತಕದಿಂದ ನಾಲ್ಕೈದು ಭಿನ್ನರಾಶಿ ಲೆಕ್ಕ ಕೊಟ್ಟು, ಪಕ್ಕದಲ್ಲಿ ಕೂತು, ಹೇಗೆ ಮಾಡಿದೆ ಅಂತ ಬಾಯಲ್ಲಿ ಹೇಳಿಸಿ. ಹೇಳಿದರೆ ಆ ಎ ಅವಳದ್ದೇ. ತಡವರಿಸಿದರೆ ಮೇಷ್ಟ್ರ ಹತ್ತಿರ ಹೋಗಿ, 'ಗ್ರೇಡ್ ಇರಲಿ ಸಾರ್, ಇವಳು ಎಲ್ಲಿ ತಪ್ಪುತ್ತಾಳೆ ಹೇಳಿ' ಅಂತ ಕೇಳಿ. ಬಿಡಿಸಿ ಹೇಳುವ ಮೇಷ್ಟ್ರಿದ್ದರೆ ಆ ಶಾಲೆ ಬಿಡಬೇಡಿ. ಪೇಪರ್ ತೋರಿಸೋದಕ್ಕೇ ಹಿಂದೇಟು ಹಾಕಿದರೆ ಬೇರೆ ಶಾಲೆ ಯೋಚಿಸಬಹುದು. ಅಲ್ಲೂ ಸೇರಿಸುವ ಮೊದಲು ತಿದ್ದಿದ ಪೇಪರ್ ಒಂದನ್ನು ಕೇಳಿ ನೋಡಿ.