ಓದುಗರ ಪ್ರಶ್ನೆ: ಮನೆಯ ಖರ್ಚು, ದೇಶದ ಇಂಗಾಲ

ಪ್ರಶ್ನೆ: ನಮ್ಮ ಮನೆಯ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಖರ್ಚು ಎರಡರಷ್ಟಾದರೆ ದೇಶದ ಇಂಗಾಲ ಹೊರಸೂಸುವಿಕೆಯಲ್ಲಿ ನಮ್ಮ ಪಾಲೂ ಎರಡರಷ್ಟಾಗುತ್ತದೆಯೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಆಗಲೇಬೇಕೆಂದಿಲ್ಲ. ಎಷ್ಟು ಖರ್ಚಾಯಿತು ಎಂಬುದಕ್ಕಿಂತ ಯಾವುದಕ್ಕೆ ಖರ್ಚಾಯಿತು ಎಂಬುದು ಇಲ್ಲಿ ಮುಖ್ಯ. ಬೆಂಗಳೂರಿನಲ್ಲಿ ನೂರು ರೂಪಾಯಿಗೆ ಹೆಚ್ಚುಕಡಿಮೆ ಒಂದು ಲೀಟರ್ ಪೆಟ್ರೋಲ್ ಬರುತ್ತದೆ. ಒಂದು ಲೀಟರ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. (ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಇಷ್ಟು ತೂಕ ಹೇಗೆ ಬಂತು ಎನ್ನುವವರಿಗೆ: ಉಳಿದದ್ದು ಗಾಳಿಯ ಆಮ್ಲಜನಕ.) ಅದೇ ನೂರು ರೂಪಾಯಿಯನ್ನು ಟೈಲರಿಗೆ ಹೊಲಿಗೆಯ ಕೂಲಿಯಾಗಿ ಕೊಟ್ಟರೆ ಬಹುಪಾಲು ಅವರ ಶ್ರಮಕ್ಕೆ ಸಲ್ಲುತ್ತದೆ, ಹೊಗೆ ಅತ್ಯಲ್ಪ. ಅವರು ಆ ಹಣದಿಂದಲೇ ಪೆಟ್ರೋಲ್ ಹಾಕಿಸಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ಅವರ ಮನೆಯ ಲೆಕ್ಕಕ್ಕೆ ಸೇರುತ್ತದೆ.

ಆದಾಯ ಏರಿದಂತೆ ಖರ್ಚಿನ ಸ್ವರೂಪವೇ ಬದಲಾಗುತ್ತದೆ. ಕೇಂದ್ರ ಸರ್ಕಾರದ ಗೃಹಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ನಗರ ಪ್ರದೇಶದ ಕುಟುಂಬಗಳ ವೆಚ್ಚದಲ್ಲಿ ಆಹಾರದ ಪಾಲು 1999-2000ರಲ್ಲಿ ಶೇ 48ರಷ್ಟಿದ್ದದ್ದು 2022-23ರ ವೇಳೆಗೆ ಶೇ 39ಕ್ಕೆ ಇಳಿದಿದೆ. ಹಾಗೆ ಉಳಿದ ಪಾಲು ಶಾಲೆಯ ಶುಲ್ಕಕ್ಕೋ ಸಂಗೀತ ಪಾಠಕ್ಕೋ ಹೋದರೆ ಒಂದು ಮಾತು; ಎರಡನೆಯ ಕಾರು, ಏಸಿ, ವಿಮಾನಯಾನಕ್ಕೆ ಹೋದರೆ ಬೇರೆಯೇ ಮಾತು. ಮನೆ ಕಟ್ಟಿಸುವುದಂತೂ ಪ್ರತ್ಯೇಕ ಪ್ರಕರಣ, ಏಕೆಂದರೆ ಸಿಮೆಂಟ್ ಗೂಡಿನಲ್ಲಿ ಉರಿಯುವ ಇಂಧನದಿಂದ ಮಾತ್ರವಲ್ಲ, ಕಾಯುವ ಸುಣ್ಣದಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಭಾರತದ ತಲಾ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್, ಅಂದರೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ ಎಂದು ನಾವು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ಸೌದೆ ಒಲೆಯ ಕುಟುಂಬವನ್ನೂ ಎರಡು ಕಾರಿನ ಕುಟುಂಬವನ್ನೂ ಸೇರಿಸಿ ತೆಗೆದ ಈ ಸರಾಸರಿಯ ಹಿಂದೆ ನಗರದ ಮೇಲ್ಮಧ್ಯಮ ವರ್ಗದವರು ಅಡಗಿಕೊಳ್ಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಚೀನಾದಲ್ಲಿ ತಯಾರಾದ ಸರಕನ್ನು ನಾನು ಬೆಂಗಳೂರಿನಲ್ಲಿ ಕೊಂಡರೆ ಅದರ ಇಂಗಾಲ ಯಾವ ದೇಶದ ಲೆಕ್ಕಕ್ಕೆ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ವಿಶ್ವಸಂಸ್ಥೆಗೆ ಸಲ್ಲಿಸುವ ಅಧಿಕೃತ ಲೆಕ್ಕದಲ್ಲಿ ಹೊಗೆ ಎದ್ದ ದೇಶಕ್ಕೆ, ಎಂದರೆ ಚೀನಾಕ್ಕೆ. ಬಳಸಿದವರ ಹೆಸರಿಗೆ ಬರೆಯುವ ಇನ್ನೊಂದು ಲೆಕ್ಕವಿದೆ. 1973ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ವಾಸಿಲಿ ಲಿಯಾಂಟೀಫ್ ರೂಪಿಸಿದ ಇನ್‌ಪುಟ್-ಔಟ್‌ಪುಟ್ ಕೋಷ್ಟಕಗಳ (ಯಾವ ಉದ್ಯಮ ಯಾವ ಉದ್ಯಮದಿಂದ ಎಷ್ಟು ಕೊಳ್ಳುತ್ತದೆ ಎಂದು ತೋರಿಸುವ ಪಟ್ಟಿಗಳ) ಮೂಲಕ ಅರ್ಥಶಾಸ್ತ್ರಜ್ಞರು ಅದನ್ನು ಅಂದಾಜು ಮಾಡುತ್ತಾರೆ. ಆ ಲೆಕ್ಕದಲ್ಲಿ ಬ್ರಿಟನ್ನಿನ ಅಂಕಿ ಮೇಲೇರುತ್ತದೆ, ಭಾರತ ಮತ್ತು ಚೀನಾದ ಅಂಕಿ ತುಸು ಇಳಿಯುತ್ತದೆ, ಏಕೆಂದರೆ ನಮ್ಮ ಕಾರ್ಖಾನೆಗಳ ಹೊಗೆಯ ಒಂದು ಭಾಗ ಹೊರದೇಶದ ಗ್ರಾಹಕರಿಗಾಗಿ ಏಳುವಂಥದ್ದು.

ಪ್ರಶ್ನೆ: ಗೃಹಜ್ಯೋತಿಯಿಂದ ನಮ್ಮ ವಿದ್ಯುತ್ ಬಿಲ್ ಶೂನ್ಯ. ಹಾಗಾದರೆ ನಮ್ಮ ಇಂಗಾಲವೂ ಶೂನ್ಯವೇ?
— ಓದುಗರೊಬ್ಬರು, ಕೆಂಗೇರಿ

ಉತ್ತರ: ಖಂಡಿತ ಅಲ್ಲ. ಹಣ ನಿಮ್ಮ ಬದಲು ಸರ್ಕಾರ ಕೊಟ್ಟಿದೆಯೇ ಹೊರತು ಕಲ್ಲಿದ್ದಲು ಉರಿಯುವುದು ನಿಂತಿಲ್ಲ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗೆ ಅದು 70 ಕಿಲೋ. ಪಾವಗಡದ ಸೌರ ಪಾರ್ಕು, ಶರಾವತಿಯ ಜಲವಿದ್ಯುತ್ತು ನಮ್ಮ ರಾಜ್ಯದಲ್ಲಿರುವುದು ನಿಜವಾದರೂ ಜಾಲ ಇಡೀ ದೇಶಕ್ಕೆ ಒಂದೇ ಆಗಿರುವುದರಿಂದ ಸರಾಸರಿಯನ್ನೇ ಹಿಡಿಯುವುದು ವಾಡಿಕೆ. ಆದ್ದರಿಂದ ಬೆಸ್ಕಾಂ ಬಿಲ್ಲಿನಲ್ಲಿ ಮೊತ್ತದ ಬದಲು ಬಳಸಿದ ಯೂನಿಟ್‌ಗಳನ್ನು ನೋಡಿ. ನೀರಿನ ಬಿಲ್ಲಿಗೂ ಇದೇ ಮಾತು ಅನ್ವಯಿಸುತ್ತದೆ: ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರಿಗೆ ಎಷ್ಟು ವಿದ್ಯುತ್ ಖರ್ಚಾಯಿತು ಎಂಬುದು ಆ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.